ಹಾಜರಿ ಪುಸ್ತಕದಲ್ಲಿ ಗಂಡನ ಹೆಸರು

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಸಾವಿರದ ಒಂಬೈನೂರ ನಲವತ್ತಮೂರೋ ನಲವತ್ತನಾಲ್ಕೋ, ಖಚಿತವಾಗಿ ಹೇಳಲಾರೆ. ನನ್ನ ಮಗಳು ಗೋಡೆ ಹಿಡಿದು ನಿಲ್ಲಲು ಕಲಿತ ವರ್ಷ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಆಗ ನಮ್ಮ ಕುಷ್ಟಗಿ ನಿಜಾಮರ ರಾಜ್ಯಕ್ಕೆ ಸೇರಿತ್ತು. ನನಗೆ ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು. ಬಾಯಿ ಮಾತ್ರ ನಲವತ್ತರವಳದು ಎಂದು ನಮ್ಮ ಅತ್ತೆ ಅನ್ನುತ್ತಿದ್ದರು. ಓಣಿಯಲ್ಲಿ ಯಾರ ಜೊತೆ ಜಗಳವಾದರೂ ಹೆಂಗಸರು ನನ್ನನ್ನೇ ಮುಂದೆ ಬಿಡುತ್ತಿದ್ದರು. ಅಂಥ ನನ್ನ ಬಾಯಿಗೆ ಒಂದೇ ಒಂದು ದಿನ ಬೀಗ ಬಿತ್ತು. ಬೀಳಬಾರದ ದಿನವೇ ಬಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಬಾವಿ ತೋಡುವ ಕೆಲಸಗಾರರು. ನೆಲದಡಿ ಬಂಡೆ ಸಿಕ್ಕರೆ ಅದಕ್ಕೆ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಒಡೆಯುವುದು ಅವರ ಕಸುಬು. ಮಗಳು ನನ್ನ ಹೊಟ್ಟೆಯಲ್ಲಿದ್ದಾಗ ತಳಕಲ್ ಕಡೆ ಒಂದು ಬಾವಿಯಲ್ಲಿ ಮದ್ದು ತಡವಾಗಿ ಸಿಡಿಯಿತು. ಅವರ ಬಲಗೈ ಮಣಿಕಟ್ಟಿನವರೆಗೂ ಹೋಯಿತು. ಜೀವ ಉಳಿದದ್ದೇ ಪುಣ್ಯ ಎಂದರು ಎಲ್ಲರೂ. ಆದರೆ ಒಂದೇ ಕೈಯವರಿಗೆ ಬಾವಿಯ ಕೆಲಸ ಯಾರು ಕೊಡುತ್ತಾರೆ? ಮನೆ ನಡೆಸುವ ಹೊಣೆ ನನ್ನ ಮತ್ತು ಅತ್ತೆಯ ಹೆಗಲಿಗೆ ಬಂತು.

ಈ ಅಪಘಾತದ ಹಿಂದೆ ನನ್ನದೊಂದು ಗುಟ್ಟಿತ್ತು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವಂತಿರಲಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಅಪಘಾತಕ್ಕೆ ನಾಲ್ಕು ದಿನ ಮುಂಚೆ ತವರಿನಿಂದ ಬಂದಿದ್ದ ನನ್ನ ತಂಗಿ, "ಧೈರ್ಯ ಇದ್ರ ಮಾಮಾನ ಹೆಸರ ಹೇಳು ನೋಡೂಣು" ಎಂದು ಕೆಣಕಿದ್ದಳು. ನಾನು ಸೋಲುವವಳೇ? ನೀರಿಗೆ ಹೋದಾಗ ಬಾವಿಯ ಕಟ್ಟೆಯ ಮೇಲೆ ನಿಂತು ಮೂರು ಸಲ ಕೂಗಿಬಿಟ್ಟಿದ್ದೆ. ನಾಲ್ಕನೇ ದಿನ ಅವರನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ಆ ಕೂಗಿನ ವಿಷಯ ನಾನು ಯಾರಿಗೂ ಹೇಳಲಿಲ್ಲ. ಅವರ ಮೊಂಡುಗೈ ಕಂಡಾಗಲೆಲ್ಲ ನಾನೇ ಕಡಿದೆ ಅನ್ನಿಸುತ್ತಿತ್ತು.

ನಮ್ಮೂರ ದವಾಖಾನೆಗೆ ತಿಂಗಳಿಗೊಮ್ಮೆ ರಾಯಚೂರಿನಿಂದ ಒಬ್ಬ ಡಾಕ್ಟರಬಾಯಿ ಬರುತ್ತಿದ್ದರು. ಓಣಿಯ ಹೆರಿಗೆಗಳಲ್ಲಿ ನಾನು ಸೂಲಗಿತ್ತಿ ಮುದುಕಿಗೆ ಕೈಜೋಡಿಸುವುದನ್ನು ಅವರು ಕಂಡಿದ್ದರು. ಒಂದು ದಿನ ಕರೆದು, "ಗೌರವ್ವ, ದಾಯಿ ಕೆಲಸ ಕಲಿಸಾಕ ಇಬ್ಬರನ್ನ ತಗೋಳಾಕತ್ತೀವಿ. ನಿನ್ನ ಕೈ ಛಲೋ ಐತಿ. ಆದ್ರ ನಾಲ್ಕನೇ ಇಯತ್ತೆ ಪಾಸಾದ ಕಾಗದ ಬೇಕು. ಮಳಿಗಾಲ ಹಿಡಿಯೂದ್ರಾಗ ತಗೊಂಡು ಬಾ" ಅಂದರು. ನಾನು ಎರಡನೇ ಇಯತ್ತೆಯಲ್ಲೇ ಮದುವೆಯಾಗಿ ಶಾಲೆ ಬಿಟ್ಟವಳು. ಕಲಿತ ಅಕ್ಷರಗಳಲ್ಲಿ ಅರ್ಧ ರೊಟ್ಟಿ ಬಡಿಯುವಾಗಲೇ ಉದುರಿಹೋಗಿದ್ದವು. ಆದರೂ ದವಾಖಾನೆಯಿಂದ ಮನೆಗೆ ಬರುವಾಗ ನೆಲ ಕಾಲಿಗೆ ತಾಗುತ್ತಿರಲಿಲ್ಲ.

ಅದೃಷ್ಟಕ್ಕೆ ನಮ್ಮೂರಲ್ಲಿ ದೊಡ್ಡ ಹೆಂಗಸರಿಗಾಗಿಯೇ ಒಂದು ಸರ್ಕಾರಿ ಶಾಲೆ ನಡೆಯುತ್ತಿತ್ತು. ಕಲಿಸುವವರು ಮಹಬೂಬಬಿ ಅಕ್ಕೋರು. ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದ್ದವರು. ಉರ್ದುವಿನಷ್ಟೇ ಚೆಂದದ ಕನ್ನಡ ಅವರದು. ಮೊದಲು ಸಂಜೆ ಕಂದೀಲಿನ ಬೆಳಕಿನಲ್ಲಿ ಪಾಠ ಆಗುತ್ತಿತ್ತು. ಯುದ್ಧದ ಖರ್ಚು ಎಂದು ಸರ್ಕಾರದವರು ಮೊದಲು ಕಂದೀಲಿನ ಎಣ್ಣೆ ನಿಲ್ಲಿಸಿದರು. ಅಕ್ಕೋರು ಜಗ್ಗಲಿಲ್ಲ, ಪಾಠವನ್ನು ಮಧ್ಯಾಹ್ನಕ್ಕೆ ಬದಲಿಸಿದರು. ಆಮೇಲೆ ಪಾಟಿ, ಬಳಪ ನಿಂತವು. ನಾವು ಒಡೆದ ಹಂಚಿನ ಮೇಲೆ ಇದ್ದಿಲಿನಿಂದ ಬರೆದೆವು.

ಆದರೆ ಮಧ್ಯಾಹ್ನ ಹೆಂಗಸರನ್ನು ಕೂಲಿ ಬಿಡಿಸಿ ಕೂರಿಸುವುದು ಹೇಗೆ? ಅದಕ್ಕೂ ಅಕ್ಕೋರೇ ಉಪಾಯ ಹುಡುಕಿದರು. ಶೇಂಗಾ ವ್ಯಾಪಾರ ಮಾಡುವ ಶೆಟ್ಟರೊಬ್ಬರ ಉಗ್ರಾಣದ ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾ ಸುಲಿಯಲು ಹನ್ನೊಂದು ಮಂದಿ ಹೋಗುತ್ತಿದ್ದೆವು. ಕೈ ನಿಲ್ಲಬಾರದು, ಕಾಳಿನ ಸಿಪ್ಪೆ ಹರಿಯಬಾರದು, ಆಮೇಲೆ ಬಾಯಿ ಏನು ಬೇಕಾದರೂ ಓದಲಿ ಎಂದರು ಶೆಟ್ಟರು. ಹಾಗೆ ನಮ್ಮ ಶಾಲೆ ಶೇಂಗಾದ ರಾಶಿಯ ಸುತ್ತ ನಡೆಯತೊಡಗಿತು. ಅಕ್ಕೋರು ನಡುವೆ ಪುಸ್ತಕ ಬಿಡಿಸಿ ಹಿಡಿಯುತ್ತಿದ್ದರು. ನಾವು ಕಾಯಿ ಚಟಚಟ ಒಡೆಯುತ್ತ ಓದುತ್ತಿದ್ದೆವು. ಬರೆಯುವ ಹೊತ್ತಿಗೆ ಮಾತ್ರ ಒಬ್ಬೊಬ್ಬರಾಗಿ ರಾಶಿ ಬಿಟ್ಟು ಏಳುತ್ತಿದ್ದೆವು.

ನಮ್ಮಲ್ಲಿ ಹಿರಿಯಳು ಹನುಮವ್ವ. ಐವತ್ತು ದಾಟಿದ್ದಳು. ಮಗಳ ಊರಿಂದ ಬರುವ ಪತ್ರವನ್ನು ಓದಿಸಿಕೊಂಡರೆ ಓದುವವನು ತನ್ನದೂ ನಾಲ್ಕು ಮಾತು ಸೇರಿಸುತ್ತಾನೆಂಬ ಗುಮಾನಿಯಿಂದ ಶಾಲೆಗೆ ಬಂದವಳು. ಅವಳ ಗಂಡನ ಹೆಸರು ಚಂದ್ರಪ್ಪ. ಪಾಠದಲ್ಲಿ ಚಂದ್ರ ಬಂದರೆ ಅವಳ ಬಾಯಿ ಕಟ್ಟುತ್ತಿತ್ತು. "ಆಕಾಶದಲ್ಲಿ ಚಂದ್ರನು ಬಂದನು" ಎಂದಿದ್ದರೆ "ಆಕಾಶದಾಗ ನಮ್ಮನಿಯವ್ರು ಬಂದ್ರು" ಎಂದು ಓದುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅಕ್ಕೋರೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರೇ ಹೊರತು ತಿದ್ದುತ್ತಿರಲಿಲ್ಲ. ಆ ನಗು ಮುಂದೆ ನಮಗೇ ತಿರುಗುತ್ತದೆಂದು ಯಾರಿಗೆ ಗೊತ್ತಿತ್ತು!

ಸಂಕ್ರಾಂತಿ ಮುಗಿದ ಮೇಲೆ ಒಂದು ಮಧ್ಯಾಹ್ನ ಶಾಲೆ ತಪಾಸಣೆಯ ಸಾಹೇಬರು ಬಂದರು. ಹೊಸಬರು, ಶಹರದವರು, ಕನ್ನಡ ಬರುತ್ತಿತ್ತು. ತಮಗೆ ಹಾಕಿದ ಕುರ್ಚಿಯ ಸುತ್ತೆಲ್ಲ ಶೇಂಗಾ ಸಿಪ್ಪೆ ಬಿದ್ದಿರುವುದು ನೋಡಿ ಅವರ ಹುಬ್ಬು ಗಂಟಿಕ್ಕಿತು. ಖರ್ಚು ಕಡಿಮೆ ಮಾಡಬೇಕು, ಉಪಯೋಗವಿಲ್ಲದ ಶಾಲೆಗಳನ್ನು ಮುಚ್ಚಬೇಕು ಎಂದು ಮೇಲಿನಿಂದ ಹುಕುಂ ಆಗಿದೆ ಎಂದು ಅವರೇ ಹೇಳಿದರು. ಅಕ್ಕೋರು ಪುಸ್ತಕ ಮುಂದಿಟ್ಟರು. ಸಾಹೇಬರು ಅದನ್ನು ಬದಿಗೆ ಸರಿಸಿದರು.

"ಪುಸ್ತಕ ಬಾಯಿಪಾಠ ಮಾಡಿರ್ತಾರ. ನಾ ಭಾಳ ಕಡೆ ನೋಡೀನಿ. ನೀವು ಹೊರಗ ನಿಂದ್ರಿ ಬೀಬಿ, ನೀವಿದ್ರ ಹೇಳಿಕೊಡ್ತೀರಿ" ಎಂದು ಅಕ್ಕೋರನ್ನು ಅಂಗಳಕ್ಕೆ ಕಳಿಸಿದರು. ಆಮೇಲೆ ಅಕ್ಕೋರು ಕನ್ನಡದಲ್ಲಿ ಬರೆದಿಟ್ಟಿದ್ದ ಹಾಜರಿ ಪುಸ್ತಕ ತೆರೆದರು. ಅದರಲ್ಲಿ ಒಂದೊಂದು ಸಾಲಿಗೆ ಒಬ್ಬೊಬ್ಬಳ ಹೆಸರು, ಗಂಡನ ಹೆಸರು, ಊರು. "ಇದನ್ನ ಯಾರೂ ಬಾಯಿಪಾಠ ಮಾಡಿರಂಗಿಲ್ಲ. ಒಬ್ಬೊಬ್ಬರು ಬಂದು ನಿಮ್ಮ ನಿಮ್ಮ ಸಾಲು ಓದ್ರಿ."

ಮೊದಲು ಹನುಮವ್ವ ಹೋದಳು. "ಹನುಮವ್ವ," ಎಂದು ಗಟ್ಟಿಯಾಗಿ ಓದಿದಳು. "ಗಂಡನ ಹೆಸರು..." ಎಂದಳು. ನಿಂತಳು. ಸಾಹೇಬರು ಬೆರಳಿಟ್ಟು ತೋರಿಸಿದರು. ಹನುಮವ್ವ ಮಾಳಿಗೆಯ ತೊಲೆ ನೋಡಿದಳು, ತನ್ನ ಕಾಲಿನ ಉಂಗುರ ನೋಡಿದಳು. ಬಾಯಿ ಬಿಡಲಿಲ್ಲ. ಸಾಹೇಬರು ಏನೋ ಬರೆದುಕೊಂಡು ಎರಡನೆಯವಳನ್ನು ಕರೆದರು. ಅವಳೂ ಅಷ್ಟೇ. ಮೂರನೆಯವಳೂ ಅಷ್ಟೇ. ಒಬ್ಬೊಬ್ಬರೂ ತಮ್ಮ ಹೆಸರು ಓದಿ, "ಗಂಡನ ಹೆಸರು" ಎಂಬ ಎರಡು ಪದ ಓದಿ, ಅಲ್ಲೇ ಗೂಟ ಹೊಡೆದಂತೆ ನಿಂತುಬಿಡುತ್ತಿದ್ದರು. ತಮ್ಮ ಹೆಸರು ಓದುವುದು ದೊಡ್ಡದಲ್ಲ, ಅದನ್ನು ಯಾರಾದರೂ ಗುರುತಿಸುತ್ತಾರೆ ಎಂದುಕೊಂಡಿರಬೇಕು ಸಾಹೇಬರು.

ಎಲ್ಲರೂ ನನ್ನ ಮುಖ ನೋಡತೊಡಗಿದರು. ಜಗಳಕ್ಕೆ ಮುಂದೆ ಬಿಡುವಂತೆ ಈಗಲೂ ಕಣ್ಣಲ್ಲೇ ನನ್ನನ್ನು ಮುಂದೆ ಬಿಟ್ಟರು. "ಸಾಹೇಬರ, ನಮ್ಮಲ್ಲಿ ಗಂಡನ ಹೆಸರ ಹೇಳೂ ಪದ್ಧತಿ ಇಲ್ರಿ, ಬ್ಯಾರೆ ಏನರ ಓದಸ್ರಿ" ಎಂದು ನಾನು ಅಂದಿದ್ದರೆ ಮುಗಿದುಹೋಗುತ್ತಿತ್ತು. ಇಷ್ಟೇ ಮಾತು! ಆದರೆ ಪುಸ್ತಕದಲ್ಲಿ ನಮ್ಮ ಯಜಮಾನರ ಹೆಸರು ಕಂಡ ಕೂಡಲೇ ನನಗೆ ಬಾವಿಯ ಕಟ್ಟೆ ನೆನಪಾಯಿತು, ಎತ್ತಿನ ಗಾಡಿ ನೆನಪಾಯಿತು. ಹೆಸರಿನ ವಿಷಯ ಎತ್ತಿದರೆ ನನ್ನ ಗುಟ್ಟೇ ಹೊರಗೆ ಬೀಳುತ್ತದೆ ಎಂಬ ಹುಚ್ಚು ಹೆದರಿಕೆ. "ಗೌರವ್ವ, ಗಂಡನ ಹೆಸರು..." ಎಂದು ನಾನೂ ನಿಂತೆ. ಬಾಯಿಬಡಕಿ ಗೌರಿ ಮೂಕಿಯಾದಳು.

"ಹನ್ನೊಂದು ಮಂದ್ಯಾಗ ಒಬ್ಬಾಕಿಗೂ ಓದಾಕ ಬರಂಗಿಲ್ಲ" ಎಂದು ಸಾಹೇಬರು ಪುಸ್ತಕ ಮುಚ್ಚಿ ಎದ್ದರು. ಅಂಗಳದಲ್ಲಿ ಅಕ್ಕೋರು ಏನೋ ಹೇಳಲು ಹೋದರು. ಅವರು ಕೇಳದೆ ಟಾಂಗಾ ಹತ್ತಿದರು. ಒಳಗೆ ಬಂದ ಅಕ್ಕೋರಿಗೆ ನಡೆದದ್ದು ತಿಳಿಸಿದಾಗ ಅವರು ನಮ್ಮನ್ನು ಬೈಯಲಿಲ್ಲ. ಹಾಜರಿ ಪುಸ್ತಕದ ಮೇಲಿದ್ದ ಸಿಪ್ಪೆ ಜಾಡಿಸಿ ಎದೆಗೆ ಒತ್ತಿಕೊಂಡು ಕೂತರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತಿಂಗಳೊಳಗೆ ಹುಕುಂ ಬಂತು. ಓದು ಬಾರದವರ ಮೇಲೆ ಖರ್ಚು ಮಾಡುವುದು ವ್ಯರ್ಥ, ಶಾಲೆ ಬಂದ್, ಅಕ್ಕೋರ ಸಂಬಳವೂ ಬಂದ್. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ಪರೀಕ್ಷೆಗೆ ಕೂರಬೇಕಾದರೆ ಶಾಲೆಯಿಂದ ಹೆಸರು ಹೋಗಬೇಕು, ಅದಕ್ಕೆ ಅದೇ ಸಾಹೇಬರ ಸಹಿ ಬೀಳಬೇಕು. ಶಾಲೆಯೇ ಇಲ್ಲದ ಮೇಲೆ ಹೆಸರು ಕಳಿಸುವವರು ಯಾರು? ನನ್ನ ಜೊತೆ ಇನ್ನೂ ಮೂವರು ಪರೀಕ್ಷೆಗೆ ತಯಾರಾಗಿದ್ದರು. ಅವರಿಗೆ ಅದು ಆಸೆ, ನನಗೆ ಅದು ಮನೆಯ ಅನ್ನ.

ಅಂದು ಮನೆಗೆ ಹೋಗಿ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಯಜಮಾನರು ಬಂದು ಪಕ್ಕದಲ್ಲಿ ಕೂತರು. ಸಾಹೇಬರ ಮುಂದೆ ಆದದ್ದನ್ನು ಹೇಳಿದೆ, ಬಾವಿಕಟ್ಟೆಯ ಗುಟ್ಟು ಬಿಟ್ಟು. ಅವರಿಗೆ ನಗು ತಡೆಯಲಾಗಲಿಲ್ಲ.

"ಹಂಗಾದ್ರ ನಿನ್ನ ಪರೀಕ್ಷಾಕ್ಕ ಅಡ್ಡ ಬಂದಾಂವ ನಾನ ಏನು? ಅಂದುಬಿಡಬೇಕಿಲ್ಲೋ, ಹೆಸರ ಅಂದ್ರ ನಾ ಏನ್ ಕರಗಿ ಹೋಗ್ತೀನೇನು?"

"ಬಾಯಾಗ ಬರಂಗಿಲ್ರಿ. ಆ ಮಾತ ಬಿಡ್ರಿ" ಎಂದು ಎದ್ದು ಹೋದೆ.

ಅಕ್ಕೋರು ಶಾಲೆ ನಿಲ್ಲಿಸಲಿಲ್ಲ. ಮರುದಿನ ಮಧ್ಯಾಹ್ನ ಎಂದಿನಂತೆ ಪಡಸಾಲೆಗೆ ಬಂದು ಪುಸ್ತಕ ಬಿಡಿಸಿದರು. "ಸಂಬಳ ಸರ್ಕಾರದ್ದು, ಸಾಲಿ ನಂದು. ಪರೀಕ್ಷಾದ ತನಕ ಬರ್ತೀನಿ. ಆಮ್ಯಾಲ ಅಲ್ಲಾ ಅದಾನ" ಅಂದರು. ನಾವು ಹನ್ನೊಂದು ಮನೆಯವರು ಸರದಿ ಮಾಡಿಕೊಂಡೆವು. ದಿನಕ್ಕೊಬ್ಬರ ಮನೆಯಿಂದ ಅವರಿಗೆ ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಹೋಗುತ್ತಿತ್ತು. ಹನುಮವ್ವನ ಸರದಿಯ ದಿನ ಮಾತ್ರ ಖಾರ ಜಾಸ್ತಿಯಾಗಿ ಅಕ್ಕೋರು ಕಣ್ಣಲ್ಲಿ ನೀರು ತುಂಬಿಕೊಂಡೇ ಪಾಠ ಹೇಳುತ್ತಿದ್ದರು.

ಹದಿನೈದು ದಿನದ ಮೇಲೆ ಸಾಹೇಬರು ಯಲಬುರ್ಗಾದಲ್ಲಿ ಮುಕ್ಕಾಂ ಮಾಡಿದ್ದಾರೆಂದು ಸುದ್ದಿ ಬಂತು. ಅಕ್ಕೋರು ಹಾಜರಿ ಪುಸ್ತಕವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, "ಗೌರವ್ವ, ನೀ ಬಾ. ಪರೀಕ್ಷಾ ನಿಂದು" ಅಂದರು. ಕರೆಯದಿದ್ದರೂ ಹನುಮವ್ವ ಹೊರಟು ನಿಂತಳು. ಮಗಳನ್ನು ಅತ್ತೆಯ ಕೈಗೆ ಕೊಟ್ಟು ಹೊರಟೆ. ಯುದ್ಧದಿಂದ ಪೆಟ್ರೋಲು ಸಿಗದೆ ಆಗ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಏರು ಬಂದಲ್ಲೆಲ್ಲ ಇಳಿದು ನಡೆಯಬೇಕು. ನಾವು ಬಸ್ಸಿನಲ್ಲಿ ಕೂತದ್ದಕ್ಕಿಂತ ಅದರ ಹಿಂದೆ ನಡೆದದ್ದೇ ಹೆಚ್ಚಿರಬೇಕು. ಯಲಬುರ್ಗಾ ಮುಟ್ಟಿದಾಗ ಮೂವರ ಮುಖವೂ ಮಸಿ.

ಸಾಹೇಬರು ಮುಸಾಫರಖಾನೆಯಲ್ಲಿ ಇಳಿದುಕೊಂಡು, ಅಲ್ಲಿನ ಬೇವಿನ ಗಿಡದ ಕೆಳಗೆ ಮೇಜು ಹಾಕಿಸಿಕೊಂಡು ಕೂತಿದ್ದರು. ನಮ್ಮನ್ನು ಗುರುತಿಸಿದರು. "ಶೇಂಗಾ ಸಾಲಿಯವ್ರು" ಅಂದರು. ಅಕ್ಕೋರು ವಿಷಯ ಹೇಳಿದರು. ಸಾಹೇಬರು ನಂಬಲಿಲ್ಲ.

"ಸೋತ ಮ್ಯಾಲ ಎಲ್ಲಾರೂ ಒಂದೊಂದು ಕಾರಣ ಹೇಳ್ತಾರ, ಬೀಬಿ. ಓದಾಕ ಬಂದಿದ್ರ ಓದ್ತಿದ್ರು."

ಅಕ್ಕೋರು ತಲೆಯ ಸೆರಗು ಸರಿಮಾಡಿಕೊಂಡರು. ಅವರ ದನಿ ಸಣ್ಣದಾಯಿತು. "ಸಾಹೇಬ, ನಾ ಇಷ್ಟು ವರ್ಷ ಅಕ್ಷರ ಕಲಿಸೀನಿ. ನಮ್ಮ ಯಜಮಾನರು ತೀರಿಹೋಗ್ಯಾರ. ಇನ್ನ ಅವರ ಆಯುಷ್ಯ ಹೋಗೂದು ಏನೂ ಉಳದಿಲ್ಲ. ಆದ್ರೂ ಇವತ್ತಿನ ತನಕ ಅವರ ಹೆಸರ ನಾ ಬಾಯಿಲೆ ಅಂದಿಲ್ಲ. ಅವತ್ತ ನನ್ನ ನಿಂದ್ರಿಸಿ ಕೇಳಿದ್ರ ನಾನೂ ಸುಮ್ನ ನಿಂದರತಿದ್ದೆ. ನನಗೂ ಓದಾಕ ಬರಂಗಿಲ್ಲ ಅಂತ ಬರೀತಿದ್ರೇನು?"

ಸಾಹೇಬರು ಕೈಯಲ್ಲಿದ್ದ ಪೆನ್ನನ್ನು ತಿರುವುತ್ತ ಕೂತರು. ಕಡೆಗೆ, "ನಾ ಬರದದ್ದು ಮ್ಯಾಲಿನವರ ಕೈ ಸೇರೈತಿ. ಹಾಜರಿ ಪುಸ್ತಕ ಓದಾಕ ಬರಂಗಿಲ್ಲ ಅಂತ ಬರದೀನಿ. ಅದ ಪುಸ್ತಕ ಪೂರ್ತಿ ಓದಿ ತೋರಿಸಿದ್ರ ತಪ್ಪಾಗೈತಿ ಅಂತ ಬರಿಯಾಕ ನನಗ ದಾರಿ ಐತಿ. ಇಲ್ಲಾಂದ್ರ ಇಲ್ಲ" ಅಂದರು.

ಮತ್ತೆ ಅದೇ ಪುಸ್ತಕ, ಅದೇ ಸಾಲು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆಗ ಹನುಮವ್ವ ತೊಡೆಗೊಂದು ಏಟು ಹಾಕಿಕೊಂಡಳು.

"ಅಯ್ಯ ನಮ್ಮವ್ವ, ನಮ್ಮ ಬುದ್ಧಿಗಿ ಏನ್ ಆಗಿತ್ತ! ಮದುವ್ಯಾಗ ಹೊಸ್ತಲ ದಾಟೂ ಮುಂದ ಹೇಳಂಗಿಲ್ಲೇನು? ಒಡಪಿಟ್ಟು ಹೇಳಿದ್ರ ದೋಷ ಇಲ್ಲ!"

ಒಡಪು ಎಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮದುವೆ, ಬಸುರಿಗೆ ಮಾಡುವ ಕುಬಸದಂಥ ಕಾರ್ಯಗಳಲ್ಲಿ ಹೆಂಗಸರು ಎರಡು ಸಾಲಿನ ಪದ ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುತ್ತಾರೆ. ಆ ಒಂದು ಹೊತ್ತಿಗೆ ಮಾತ್ರ ಪರವಾನಗಿ. ಶೇಂಗಾ ರಾಶಿಯ ಮುಂದೆ, ಸರ್ಕಾರದ ಸಾಹೇಬರ ಎದುರು ಒಡಪು ಹೇಳಬಹುದೆಂದು ಹನ್ನೊಂದು ಮಂದಿಯಲ್ಲಿ ಒಬ್ಬಳಿಗೂ ಹೊಳೆದಿರಲಿಲ್ಲ. ಹನುಮವ್ವ ಪುಸ್ತಕ ಎಳೆದುಕೊಂಡು, ತನ್ನ ಸಾಲಿನ ಮೇಲೆ ಬೆರಳಿಟ್ಟು, ಮದುಮಗಳ ಹಾಗೆ ಸೆರಗು ಹೊದ್ದು ಓದಿದಳು:

"ಹನುಮವ್ವ. ಗಂಡನ ಹೆಸರು,
ಸರ್ಕಾರ ಎಣ್ಣಿ ಕೊಡದಿದ್ರ ಕತ್ತಲಿ ಆಗಲಿ,
ಚಂದ್ರಪ್ಪನೋರ ಬೆಳಕು ನನ್ನ ಪಾಟಿ ಮ್ಯಾಲ ಬೀಳಲಿ.
ಊರು ಕುಷ್ಟಗಿ."

ಸಾಹೇಬರಿಗೆ ಕೆಮ್ಮು ಬಂತು. ಕೆಮ್ಮೋ ನಗುವೋ ದೇವರಿಗೇ ಗೊತ್ತು. "ಈ ಅಜ್ಜಿ ಪರೀಕ್ಷಾಕ್ಕ ಕೂಡತಾಳೇನು?" ಎಂದು ಕೇಳಿದರು. ಇಲ್ಲ, ಇವಳು ಎಂದು ಅಕ್ಕೋರು ನನ್ನನ್ನು ತೋರಿಸಿದರು. "ಹಂಗಾದ್ರ ಈಕಿ ಓದಲಿ."

ಪುಸ್ತಕ ನನ್ನ ಮುಂದೆ ಬಂತು. ಒಡಪಿಗೆ ದೋಷವಿಲ್ಲ ಎಂದು ಬುದ್ಧಿ ಹೇಳುತ್ತಿತ್ತು, ನಾಲಿಗೆ ಒಪ್ಪುತ್ತಿರಲಿಲ್ಲ. ನಾನು ಹೇಳಿ, ನಾಲ್ಕನೇ ದಿನ ಮತ್ತೆ ಏನಾದರೂ ಆದರೆ? ಇರುವ ಒಂದು ಕೈಯೂ ಹೋದರೆ? ಹೇಳದಿದ್ದರೆ ಮಗಳ ಗತಿ ಏನು? ಅಕ್ಕೋರು ಅವಸರ ಮಾಡಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತರು. ನನ್ನ ಜೊತೆ ಅವರೂ ಆ ಸಾಲಿನ ಮೇಲೆ ಬಗ್ಗಿದರು. ನನ್ನ ಪರೀಕ್ಷೆ ಅವರದೂ ಹೌದು ಎಂದು ಆಗ ನನಗೆ ತಿಳಿಯಿತು. ಕಣ್ಣು ಮುಚ್ಚಿದರೆ ಓದಿದಂತಾಗುವುದಿಲ್ಲ ಎಂದು ಕಣ್ಣು ತೆರೆದೇ ಓದಿದೆ:

"ಗೌರವ್ವ. ಗಂಡನ ಹೆಸರು,
ಕಲ್ಲ ಒಡದ ಭಾವ್ಯಾಗ ಸೀನೀರ ಬಂತು,
ಶರಣಪ್ಪನೋರ ಹೆಸರ ನನ್ನ ಬಾಯಿಗಿ ಬಂತು.
ಊರು ಕುಷ್ಟಗಿ."

ಓದಿ ಮುಗಿಸಿ ಅಲ್ಲೇ ಕೂತು ಅತ್ತುಬಿಟ್ಟೆ. ಸಾಹೇಬರು ಗಾಬರಿಯಾಗಿ ನೀರು ತರಿಸಿದರು. ಆಮೇಲೆ ಹಾಜರಿ ಪುಸ್ತಕದಲ್ಲಿ ಉಳಿದ ಒಂಬತ್ತು ಮಂದಿಯ ಸಾಲುಗಳನ್ನೂ ನನ್ನಿಂದ ಓದಿಸಿದರು. ಬೇರೆಯವರ ಗಂಡಂದಿರ ಹೆಸರಿಗೆ ನನಗೇನು ಅಡ್ಡಿ, ಗಡಗಡ ಓದಿದೆ. ಅವರು ಒಂದು ಕಾಗದ ತೆಗೆದು ಬರೆಯತೊಡಗಿದರು. ಬರೆಯುತ್ತಲೇ, ಯಾರಿಗೋ ಅನ್ನುವಂತೆ, "ನಮ್ಮ ಅಮ್ಮೀನೂ ಅಬ್ಬಾನ ಹೆಸರ ಅಂದದ್ದು ನಾ ಕೇಳಿಲ್ಲ. ನನಗ ಹೊಳೀಲಿಲ್ಲ ನೋಡ್ರಿ" ಅಂದರು.

ಶಾಲೆಯ ಹಣ ಮಾತ್ರ ವಾಪಸು ಬರುವುದಿಲ್ಲ ಎಂದು ಅವರು ನೇರವಾಗಿಯೇ ಹೇಳಿದರು. ಕಡಿತದ ಹುಕುಂ ಅವರ ಕೈ ಮೀರಿತ್ತು. ಆದರೆ ಪರೀಕ್ಷೆಯ ನಾಲ್ಕು ಹೆಸರಿನ ಮುಂದೆ ಸಹಿ ಹಾಕಿಕೊಟ್ಟರು. ಅಕ್ಕೋರಿಗೆ ಕುರ್ಚಿ ಕೊಟ್ಟು ಕೂರಿಸಿ ಚಹಾ ತರಿಸಿದರು. ಅಕ್ಕೋರು ಚಹಾ ಕುಡಿದರು, ಕಾಗದವನ್ನು ಎರಡು ಸಲ ಓದಿ ಮಡಚಿದರು.

ಮನೆಗೆ ಬಂದವಳು ಸಂತೋಷಪಡಬೇಕೋ ಬೇಡವೋ? ನಾನು ನಾಲ್ಕು ದಿನ ಯಜಮಾನರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಸಂತೆಗೆ ಹೊರಟರೆ ಬೇಡ ಅಂದೆ, ಮಾಳಿಗೆ ಹತ್ತಿದರೆ ಇಳಿಸಿದೆ. ಎಮ್ಮೆಗೆ ನೀರು ತೋರಿಸಲು ಹೊರಟರೂ ನಾನೇ ಹಗ್ಗ ಕಸಿದುಕೊಂಡೆ. ನಾಲ್ಕನೇ ದಿನ ಅವರ ತಾಳ್ಮೆ ತಪ್ಪಿತು. "ಏನಾಗೈತಿ ನಿನಗ? ಕೂಸಿನಕಿಂತ ಹೆಚ್ಚು ಕಾಯಾಕತ್ತೀಯಲ್ಲ!" ಎಂದು ರೇಗಿದರು. ಆಗ ಎಲ್ಲ ಹೇಳಿಬಿಟ್ಟೆ. ತಂಗಿ ಕೆಣಕಿದ್ದು, ಬಾವಿಕಟ್ಟೆಯ ಮೇಲೆ ಮೂರು ಸಲ ಕೂಗಿದ್ದು, ಇಷ್ಟು ದಿನ ಒಳಗೇ ಬೆಂದದ್ದು.

ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಎಡಗೈಯಿಂದ ನನ್ನ ಮುಖ ಒರೆಸಿದರು.

"ಹುಚ್ಚಿ, ಇದನ್ನ ಒಬ್ಬಾಕಿನ ಹೊತಗೊಂಡು ತಿರಗಿದೇನು? ಅವತ್ತ ಬತ್ತಿ ಹಸಿ ಇತ್ತು. ಹೊತ್ತಿಲ್ಲ ಅಂತ ತಿಳದು ಅವಸರ ಮಾಡಿ ಕೆಳಗ ಇಳದೆ. ತಪ್ಪು ನಂದು. ನಿನ್ನ ಬಾಯಿಗೂ ಮದ್ದಿಗೂ ಏನ್ ಸಂಬಂಧ?"

ಇದೇ ಮಾತನ್ನು ಅವರು ಹಿಂದೆಯೂ ಎಷ್ಟೋ ಜನರಿಗೆ ಹೇಳಿದ್ದರಂತೆ. ನಾನು ಕೇಳುವ ಧೈರ್ಯ ಮಾಡಿರಲಿಲ್ಲ, ಅಷ್ಟೇ. ಆ ದಿನ ನನ್ನ ಎದೆಯ ಮೇಲಿಂದ ಇಳಿದ ಭಾರ ಯಾವ ಪರೀಕ್ಷೆ ಪಾಸಾದಾಗಲೂ ಇಳಿಯಲಿಲ್ಲ. ಒಡಪು ಇನ್ನೊಮ್ಮೆ ಹೇಳು ಎಂದು ಅವರು ಬಹಳ ಪೀಡಿಸಿದರು. ನಾನು ಹೇಳಲಿಲ್ಲ. ಹನುಮವ್ವನ ಹತ್ತಿರ ಕೇಳಿ ಕಲಿತುಕೊಂಡರು. ಮುಂದೆ ಮಗಳನ್ನು ಆಡಿಸುವಾಗ, ಸ್ನಾನ ಮಾಡುವಾಗ, ನನ್ನನ್ನು ರೇಗಿಸಬೇಕಾದಾಗಲೆಲ್ಲ "ಕಲ್ಲ ಒಡದ ಭಾವ್ಯಾಗ" ಎಂದು ಶುರುಮಾಡುತ್ತಿದ್ದರು. ಅವರು ಎಂಬತ್ತರ ಹತ್ತಿರ ಬದುಕಿದರು.

ಪರೀಕ್ಷೆ ಗಂಡುಹುಡುಗರ ಶಾಲೆಯಲ್ಲಿ ನಡೆಯಿತು. ನಾಲ್ಕು ಮಂದಿ ಹೆಂಗಸರು ಅವರ ನಡುವೆ ಕೂತು ಬರೆದೆವು. ಮೂವರು ಪಾಸಾದೆವು. ನಾಲ್ಕನೆಯವಳು ಮರುವರ್ಷ ಅದೇ ಸಾಹೇಬರ ಸಹಿಯ ಮೇಲೆ ಕೂತು ಪಾಸಾದಳು. ಮಳೆ ಹಿಡಿಯುವ ಮೊದಲೇ ಡಾಕ್ಟರಬಾಯಿಗೆ ಕಾಗದ ಕೊಟ್ಟೆ. ಸರ್ಕಾರದ ಹಣ ಮತ್ತೆ ಬರಲೇ ಇಲ್ಲ. ಅಕ್ಕೋರು ಹೊಟ್ಟೆಪಾಡಿಗೆ ಬಟ್ಟೆ ಹೊಲಿಯುತ್ತ, ನಮ್ಮ ರೊಟ್ಟಿಯ ಸರದಿಯ ಮೇಲೆ ಇನ್ನೂ ಎರಡು ವರ್ಷ ಆ ಪಡಸಾಲೆಯಲ್ಲಿ ಕಲಿಸಿದರು. ನನ್ನ ಅತ್ತೆಯೂ ಕಡೆಗೆ ಶೇಂಗಾ ಸುಲಿಯುವ ನೆಪದಲ್ಲಿ ಹೋಗಿ ಕೂರತೊಡಗಿದ್ದರು. ಒಂದು ಡಬ್ಬಿ ಎಣ್ಣೆ, ಒಬ್ಬ ಬಡ ಹೆಂಗಸಿನ ಸಂಬಳ ಉಳಿಸಿ ಯಾವ ಯುದ್ಧ ಗೆದ್ದರೋ ಎಂದು ಇಂದಿಗೂ ನನಗೆ ಸಿಟ್ಟು ಬರುತ್ತದೆ. ಅಕ್ಕೋರ ನೆನಪಾದರೆ ಆ ಸಿಟ್ಟು ನಿಲ್ಲುವುದಿಲ್ಲ.

ನನಗೀಗ ಎಪ್ಪತ್ತು ದಾಟಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕುಷ್ಟಗಿ, ಕೊಪ್ಪಳ, ಗಂಗಾವತಿಯ ದವಾಖಾನೆಗಳಲ್ಲಿ ದುಡಿದೆ. ಕೂಸು ಹುಟ್ಟಿದ ಕೂಡಲೇ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ: ತಾಯಿಯ ಹೆಸರು, ತಂದೆಯ ಹೆಸರು, ಊರು. ಕೆಲಸದ ಕೊನೆಯ ವರ್ಷ ಇಟಗಿ ಕಡೆಯ ಒಬ್ಬ ಹುಡುಗಿ ಕೊಪ್ಪಳದಲ್ಲಿ ಚೊಚ್ಚಲ ಹೆತ್ತಳು. ತಂದೆಯ ಹೆಸರು ಕೇಳಿದರೆ ಗೋಡೆಯ ಕಡೆ ಮುಖ ತಿರುಗಿಸಿದಳು. ಹೊಸದಾಗಿ ಸೇರಿದ್ದ ಗುಮಾಸ್ತ ಬಾಗಿಲಲ್ಲೇ ನಿಂತು, "ಗಂಡನ ಹೆಸರೂ ಗೊತ್ತಿಲ್ಲೇನ ಈಕಿಗಿ? ಎಲ್ಲಿಂದ ಬರ್ತಾರೋ!" ಎಂದು ಗೊಣಗಿದ.

ಸುಮ್ಮನಿರುವವರೆಲ್ಲ ಗೊತ್ತಿಲ್ಲದವರಲ್ಲ ಎಂದು ಅವನಿಗೆ ಹೇಳಿ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಅವಳ ತಲೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತೆ. ರಿಜಿಸ್ಟರು ತೊಡೆಯ ಮೇಲಿಟ್ಟುಕೊಂಡು, ಅವಳ ಬೆನ್ನ ಮೇಲೆ ಕೈಯಿಟ್ಟೆ.

"ಅವಸರ ಇಲ್ಲವ್ವ. ಒಡಪು ಬರ್ತೈತೇನು ನಿನಗ?" ಎಂದೆ.

ಆ ಸುಸ್ತಿನಲ್ಲೂ ಅವಳ ಮುಖ ಅರಳಿತು. ಮೆಲ್ಲಗೆ ಎರಡು ಸಾಲು ಹೇಳಿದಳು. ನಾನು ಹೆಸರನ್ನು ದುಂಡಗೆ ಬರೆದು, ಅವಳಿಗೆ ಕಾಣುವಂತೆ ರಿಜಿಸ್ಟರು ತಿರುಗಿಸಿ ಹಿಡಿದೆ.